ಚೇಂಬರ್ ಒಡೆದರೆ ಏನು ಮಾಡಬೇಕು: ಪುಟ್ಟಿ, ಬೆಸುಗೆ, ಹೊಸ ಭಾಗ, ವಿಮೆಗಳ ಹೋಲಿಕೆ

ಕಾರಿನ ಇಂಜಿನ್ನಿನ ಅಡಿಗೆ ಬೋಲ್ಟು ಹಾಕಿ ಬಿಗಿದಿರುವ, ಇಂಜಿನ್ ಆಯಿಲ್ ನಿಲ್ಲುವ ತಟ್ಟೆಯನ್ನು ಕಂಪನಿಯ ಕೈಪಿಡಿಗಳು ಆಯಿಲ್ ಪ್ಯಾನ್ ಅಥವಾ ಸಂಪ್ ಎನ್ನುತ್ತವೆ; ನಮ್ಮ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಗ್ಯಾರೇಜುಗಳಲ್ಲಿ ಅದು ಬರೀ ‘ಚೇಂಬರ್’. ಕಾರಿನಲ್ಲಿ ನೆಲಕ್ಕೆ ತೀರ ಸಮೀಪ ಇರುವ ಭಾಗಗಳಲ್ಲಿ ಅದೂ ಒಂದು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಓಡಾಡಿದ ಮುಧೋಳ, ಜಮಖಂಡಿ, ಅಥಣಿ ಸುತ್ತಿನ ಒಳರಸ್ತೆಗಳಲ್ಲಿ ಗಾಲಿಯ ಜಾಡು ಇಳಿದು ನಡುವೆ ದಿಣ್ಣೆ ಎದ್ದಿರುತ್ತದೆ. ಎರೆಮಣ್ಣಿನ ಮೇಲೆ ಹಾಸಿದ ಡಾಂಬರು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಊರ ಮುಂದಿನ ಹಂಪುಗಳಿಗಂತೂ ಅಳತೆಯೇ ಇಲ್ಲ. ಐದು ಜನ ಕುಳಿತು ಡಿಕ್ಕಿಯಲ್ಲಿ ಜೋಳದ ಚೀಲವೊಂದನ್ನು ಹಾಕಿದ ಸಣ್ಣ ಕಾರು ಇಂಥ ಕಡೆ ಅಡಿ ತಾಗಿಸಿಕೊಳ್ಳದೆ ದಾಟುವುದೇ ಹೆಚ್ಚು.

ಪೆಟ್ಟು ಬಿದ್ದ ಮೇಲೆ ಸಲಹೆಗಳಿಗೆ ಕೊರತೆಯಿರುವುದಿಲ್ಲ. ಒಬ್ಬರು ಎಂ-ಸೀಲ್ ಪುಟ್ಟಿ ಹಚ್ಚಿದರೆ ಸಾಕು ಎನ್ನುತ್ತಾರೆ, ಇನ್ನೊಬ್ಬರು ವೆಲ್ಡಿಂಗ್ ಮಾಡಿಸಿ ಎನ್ನುತ್ತಾರೆ, ಮತ್ತೊಬ್ಬರು ಹೊಸದನ್ನೇ ಹಾಕಿಸಿ ವಿಮೆಯಿಂದ ಹಣ ತೆಗೆದುಕೊಳ್ಳಿ ಎನ್ನುತ್ತಾರೆ. ಈ ಮೂರೂ ಒಂದೊಂದು ಸಂದರ್ಭದಲ್ಲಿ ಸರಿಯಾದವುಗಳೇ. ನನ್ನ ಅನುಭವದಲ್ಲಿ ತಪ್ಪು ನಡೆಯುವುದು ಬೆಲೆಯನ್ನು ಮೊದಲು ಕೇಳಿದಾಗ. ಚೇಂಬರ್ ಯಾವುದರಿಂದ ಮಾಡಿದ್ದು, ಗಾಯ ಅದರ ಯಾವ ಜಾಗದಲ್ಲಿದೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಅರ್ಧ ಆಯ್ಕೆಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಓಡಿಸುವುದೋ, ಎಳೆಸುವುದೋ

ಮೊದಲ ಆಯ್ಕೆಯನ್ನು ರಸ್ತೆಯ ಮೇಲೆಯೇ ಮಾಡಬೇಕಾಗುತ್ತದೆ. ಅಡಿಯಲ್ಲಿ ದೊಡ್ಡ ಸದ್ದಾದರೆ ಹತ್ತು ಹೆಜ್ಜೆ ಮುಂದೆ ಸಮತಟ್ಟಾದ ಜಾಗದಲ್ಲಿ ಇಂಜಿನ್ ಆರಿಸಿ, ಬಗ್ಗಿ ನೋಡಬೇಕು. ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಒಟ್ಟು ಆಯಿಲ್ ಇರುವುದೇ ಸುಮಾರು 3ರಿಂದ 4 ಲೀಟರ್. ಆಯಿಲ್ ಮಟ್ಟ ನೋಡುವ ಕಡ್ಡಿಯ (ಡಿಪ್‌ಸ್ಟಿಕ್) ಮೇಲಿನ ಮತ್ತು ಕೆಳಗಿನ ಗುರುತುಗಳ ನಡುವಿನ ಅಂತರ ಸಾಮಾನ್ಯವಾಗಿ 1 ಲೀಟರಿನ ಆಸುಪಾಸು. ಸೆಕೆಂಡಿಗೆ ಒಂದು ಹನಿ ಬೀಳುತ್ತಿದ್ದರೆ ಗಂಟೆಗೆ ಸುಮಾರು 100ರಿಂದ 200 ಮಿಲಿಲೀಟರ್ ಹೋಗುತ್ತದೆ ಎಂದು ಲೆಕ್ಕ ಹಿಡಿಯಬಹುದು, ಆದರೆ ಇದು ನಿಂತ ಕಾರಿನ ಲೆಕ್ಕ. ಆಯಿಲ್ ಕಾದು ತೆಳ್ಳಗಾದಾಗ, ಓಡುವಾಗಿನ ಅದುರಿಗೆ ಬಿರುಕು ಬಾಯಿ ಬಿಟ್ಟಾಗ ಅದೇ ಗಾಯ ಇನ್ನೂ ಜೋರಾಗಿ ಸೋರುತ್ತದೆ.

ಹನಿಗಳ ನಡುವೆ ಎಣಿಸಲು ಸಮಯ ಸಿಗುವಷ್ಟು ನಿಧಾನವಾಗಿ ಸೋರುತ್ತಿದ್ದು, ಕಡ್ಡಿಯಲ್ಲಿ ಮಟ್ಟ ಸರಿಯಾಗಿದ್ದರೆ, ಒಂದು ಲೀಟರ್ ಆಯಿಲ್ ಜೊತೆಗಿಟ್ಟುಕೊಂಡು ಐದಾರು ಕಿಲೋಮೀಟರಿಗೊಮ್ಮೆ ಮಟ್ಟ ನೋಡುತ್ತ ಹತ್ತಿರದ ಗ್ಯಾರೇಜು ಸೇರಬಹುದು. ಧಾರೆಯಾಗಿ ಸುರಿಯುತ್ತಿದ್ದರೆ ಅಥವಾ ಆಯಿಲ್ ಒತ್ತಡದ ಕೆಂಪು ದೀಪ ಒಮ್ಮೆ ಮಿಣುಕಿದರೂ ಒಂದು ಫರ್ಲಾಂಗ್ ಕೂಡ ಓಡಿಸಬಾರದು. ಆ ದೀಪ ಮಟ್ಟ ಇಳಿದಿದೆ ಎಂದು ಮುನ್ನೆಚ್ಚರಿಕೆ ಕೊಡುವುದಲ್ಲ. ಬೇರಿಂಗುಗಳಿಗೆ ಹೋಗಬೇಕಾದ ಒತ್ತಡ ಈಗಾಗಲೇ ಬಿದ್ದಿದೆ ಎಂದು ಹೇಳುವುದು. ಅಲ್ಲಿಂದ ಮುಂದೆ ಉಳಿಯುವುದು ಎಳೆಸುವ ಖರ್ಚು ಮತ್ತು ಇಂಜಿನ್ ಬಿಚ್ಚಿಸುವ ಖರ್ಚುಗಳ ನಡುವಿನ ಆಯ್ಕೆ ಮಾತ್ರ, ಅದನ್ನು ಆಯ್ಕೆ ಎಂದು ಕರೆಯುವುದೂ ಕಷ್ಟ.

ಸೋರುವುದು ಚೇಂಬರೇ ಎಂದು ಮೊದಲು ಖಚಿತಪಡಿಸಿಕೊಳ್ಳಿ

ಕಲ್ಲು ತಾಗಿದ ನೆನಪಿಲ್ಲದೆ, ಮನೆಯ ಮುಂದಿನ ಫರಸಿಯ ಮೇಲೆ ಕಪ್ಪು ಕಲೆ ಕಂಡು ಗ್ಯಾರೇಜಿಗೆ ಹೋದವರು ಅನವಶ್ಯಕವಾಗಿ ಚೇಂಬರ್ ಬಿಚ್ಚಿಸುವ ಸಂಭವ ಹೆಚ್ಚು. ಇಂಜಿನ್ನಿನ ಮೇಲ್ಮುಚ್ಚಳವಾದ ಟ್ಯಾಪೆಟ್ ಕವರಿನ ಪ್ಯಾಕಿಂಗ್ (ಸಂದಿಯಲ್ಲಿ ಸೋರದಂತೆ ಇಡುವ ಗ್ಯಾಸ್ಕೆಟ್), ಆಯಿಲ್ ಫಿಲ್ಟರಿನ ರಬ್ಬರ್ ಉಂಗುರ, ಆಯಿಲ್ ಪ್ರೆಷರ್ ಸ್ವಿಚ್, ಕ್ರ್ಯಾಂಕಿನ ಮುಂದಿನ ಮತ್ತು ಹಿಂದಿನ ಆಯಿಲ್ ಸೀಲ್, ಇವುಗಳಲ್ಲಿ ಎಲ್ಲಿ ಸೋರಿದರೂ ಆಯಿಲ್ ಕೆಳಗಿಳಿದು ಕೊನೆಗೆ ಚೇಂಬರಿನ ತುದಿಯಿಂದಲೇ ತೊಟ್ಟಿಕ್ಕುತ್ತದೆ. ಓಡುವಾಗಿನ ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತದೆ. ಬಾಗಲಕೋಟೆಯ ಒಬ್ಬ ಹಿರಿಯ ಮಿಸ್ತ್ರಿ ನನ್ನ ಸ್ನೇಹಿತರ ಕಾರಿನಡಿ ನುಸುಳಿ, ಬೆರಳನ್ನು ಚೇಂಬರಿನ ಮೇಲಂಚಿಗಿಂತ ಒಂದು ಗೇಣು ಮೇಲೆ ಆಡಿಸಿ ಹೊರಬಂದು, “ಇದು ಚೇಂಬರ್ ಅಲ್ರೀ ಸಾಹೇಬ್ರ, ಮ್ಯಾಲಿಂದ ಇಳಿಯಾಕತ್ತೈತಿ” ಎಂದಿದ್ದರು. ಅಲ್ಲಿ ಬೆರಳು ಒದ್ದೆಯಾಗಿತ್ತು, ಅಷ್ಟೇ ಸಾಕಾಗಿತ್ತು.

ಇದನ್ನು ಮನೆಯಲ್ಲಿಯೂ ಪರೀಕ್ಷಿಸಬಹುದು. ಇಂಜಿನ್ ತಣ್ಣಗಿರುವಾಗ ಅಡಿಭಾಗವನ್ನು ಜಿಡ್ಡು ತೆಗೆಯುವ ಡಿಗ್ರೀಸರ್ ಹಾಕಿ ಒರೆಸಿ ಒಣಗಿಸಬೇಕು, ಹತ್ತು ಹದಿನೈದು ಕಿಲೋಮೀಟರ್ ಓಡಿಸಬೇಕು, ರಾತ್ರಿ ಅಡಿಗೆ ಬಿಳಿಯ ರಟ್ಟು ಹಾಸಿ, ಬೆಳಿಗ್ಗೆ ಟಾರ್ಚ್ ಹಿಡಿದು ಒದ್ದೆಯಾಗಿರುವ ಅತಿ ಎತ್ತರದ ಜಾಗವನ್ನು ಹುಡುಕಬೇಕು. ಸೋರಿಕೆಯ ಮೂಲ ಅಲ್ಲಿರುತ್ತದೆ. ರಟ್ಟಿನ ಮೇಲೆ ಬಿದ್ದದ್ದು ಹಸಿರು ಅಥವಾ ಗುಲಾಬಿ ಬಣ್ಣದ್ದಾಗಿದ್ದರೆ ಅದು ರೇಡಿಯೇಟರಿನ ಕೂಲಂಟ್. ಬಣ್ಣ, ಜಿಡ್ಡು, ವಾಸನೆ ಯಾವುದೂ ಇಲ್ಲದಿದ್ದರೆ ಎ.ಸಿ.ಯ ನೀರು, ಅದಕ್ಕೆ ಚಿಂತಿಸಬೇಕಾಗಿಲ್ಲ. ಇನ್ನೊಂದು ಸುಳಿವೂ ಉಪಯುಕ್ತ: ಚೇಂಬರಿನೊಳಗಿನ ಆಯಿಲ್‌ಗೆ ಪಂಪಿನ ಒತ್ತಡವಿರುವುದಿಲ್ಲ, ಅದು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಆದ್ದರಿಂದ ಇಂಜಿನ್ ಆರಿಸಿದ ಮೇಲೂ ಹನಿ ಬೀಳುತ್ತಲೇ ಇದ್ದರೆ ಚೇಂಬರಿನ ಮೇಲೆ ಅನುಮಾನ ಪಡಬೇಕು. ಇಂಜಿನ್ ಚಾಲೂ ಇದ್ದಾಗ ಮಾತ್ರ ಚಿಮ್ಮುತ್ತಿದ್ದರೆ ಫಿಲ್ಟರ್ ಅಥವಾ ಪ್ರೆಷರ್ ಸ್ವಿಚ್ಚಿನ ಕಡೆ ನೋಡಬೇಕು.

ಸೋರದ ನೆಗ್ಗು

ಎಲ್ಲರೂ ಹಗುರವಾಗಿ ತೆಗೆದುಕೊಳ್ಳುವುದು ಇದನ್ನೇ. ನಾನೂ ಹಾಗೆಯೇ ಮಾಡಿದ್ದೆ. ಬೀಳಗಿ ಕಡೆಯ ಒಂದು ಹಳ್ಳಿಗೆ ಹೋದಾಗ ಖಡಿ ಹಾಕಿದ ರಸ್ತೆಯಲ್ಲಿ ಕಲ್ಲೊಂದು ಅಡಿಗೆ ಬಡಿಯಿತು. ಇಳಿದು ನೋಡಿದೆ: ಚೇಂಬರಿನ ತಳದಲ್ಲಿ ಅಂಗೈ ಅಗಲದ ನೆಗ್ಗು, ಒಂದು ಹನಿಯೂ ಇಲ್ಲ. ಸೋರದಿದ್ದರೆ ಚಿಂತೆಯಿಲ್ಲ ಎಂದುಕೊಂಡು ಹತ್ತು ದಿನ ಊರಲ್ಲಿ ಓಡಿಸಿದೆ. ಹನ್ನೊಂದನೆಯ ದಿನ ವಿಜಯಪುರಕ್ಕೆ ಹೊರಟು, ಕೊರ್ತಿ-ಕೊಲ್ಹಾರ ಸೇತುವೆ ದಾಟಿ ವೇಗ ಹೆಚ್ಚಿಸಿದಾಗ ಕೆಂಪು ದೀಪ ಮಿಣುಕಿತು, ನಿಧಾನಿಸಿದಾಗ ಆರಿತು. ಕಡ್ಡಿಯಲ್ಲಿ ಆಯಿಲ್ ಮಟ್ಟ ಪೂರ್ತಿ ಇತ್ತು.

ಎಳೆಸಿಕೊಂಡು ಹೋಗಿ ಚೇಂಬರ್ ಬಿಚ್ಚಿಸಿದಾಗ ಕಾರಣ ಕಣ್ಣಿಗೆ ಬಿತ್ತು. ಚೇಂಬರಿನೊಳಗೆ, ತಳಕ್ಕೆ ತುಸು ಮೇಲೆ, ಪಂಪು ಆಯಿಲ್ ಹೀರಿಕೊಳ್ಳುವ ಕೊಳವೆಯ ಬಾಯಿಗೆ ಒಂದು ಜಾಳಿಗೆ ಇರುತ್ತದೆ. ಅದನ್ನು ಸ್ಟ್ರೇನರ್ ಎನ್ನುತ್ತಾರೆ. ನೆಗ್ಗು ಒಳಗಿನಿಂದ ಗುಡ್ಡದಂತೆ ಎದ್ದು ಆ ಜಾಳಿಗೆಗೆ ತಾಗಿತ್ತು. ತಗಡಿನ ಒಳಮೈಯಲ್ಲಿ ಜಾಳಿಗೆಯ ಅಂಚು ಕೊರೆದ ಅರ್ಧಚಂದ್ರದಂಥ ಹೊಳೆಯುವ ಗೆರೆ ಸ್ಪಷ್ಟವಾಗಿ ಕಾಣುತ್ತಿತ್ತು. ನಿಧಾನವಾಗಿ ಓಡುವಾಗ ಉಳಿದ ಸಂದಿಯಿಂದ ಸಾಕಷ್ಟು ಆಯಿಲ್ ಹೋಗುತ್ತಿತ್ತು, ಇಂಜಿನ್ ವೇಗ ಹೆಚ್ಚಿ ಪಂಪಿಗೆ ಹೆಚ್ಚು ಬೇಕಾದಾಗ ಸಾಲುತ್ತಿರಲಿಲ್ಲ. ಆದ್ದರಿಂದ ನೆಗ್ಗು ಚೇಂಬರಿನ ಅತಿ ತಗ್ಗಿನ ಭಾಗದಲ್ಲಿದ್ದರೆ, ಸೋರಲಿ ಬಿಡಲಿ, ಬಿಚ್ಚಿಸಿ ನೋಡುವುದೇ ಸರಿಯಾದ ಆಯ್ಕೆ. ಪಕ್ಕದ ಗೋಡೆಯಲ್ಲಿ ಆಳವಿಲ್ಲದ ನೆಗ್ಗಿದ್ದು ಪ್ಯಾಕಿಂಗಿನ ಅಂಚು ಬಾಗಿರದಿದ್ದರೆ ಮುಂದಿನ ಆಯಿಲ್ ಬದಲಾವಣೆಯವರೆಗೆ ಕಾಯಬಹುದು.

ತಗಡು, ಅಲ್ಯೂಮಿನಿಯಂ, ಪ್ಲಾಸ್ಟಿಕ್

ಚೇಂಬರುಗಳು ಮುಖ್ಯವಾಗಿ ಮೂರು ಬಗೆಯವು. ಒತ್ತಿ ಮಾಡಿದ ಉಕ್ಕಿನ ತಗಡಿನವು ಪೆಟ್ಟಿಗೆ ನೆಗ್ಗುತ್ತವೆ, ಸುಲಭಕ್ಕೆ ಒಡೆಯುವುದಿಲ್ಲ. ಆದರೆ ಹಳೆಯ ಕಾರುಗಳಲ್ಲಿ ತುಕ್ಕು ಹಿಡಿದು ಸೂಜಿಮೊನೆಯಂಥ ತೂತುಗಳಾಗುತ್ತವೆ. ಎರಕದ ಅಲ್ಯೂಮಿನಿಯಂ ಚೇಂಬರ್ ಗಟ್ಟಿ, ಹಗುರ, ಶಾಖವನ್ನು ಬೇಗ ಹೊರಗೆ ಬಿಡುತ್ತದೆ, ಆದರೆ ಬಾಗುವ ಗುಣ ಕಡಿಮೆಯಿರುವುದರಿಂದ ಜೋರಾದ ಪೆಟ್ಟಿಗೆ ಬಿರುಕು ಬಿಡುತ್ತದೆ, ಕೆಲವೊಮ್ಮೆ ಚೂರೇ ಹಾರಿಹೋಗುತ್ತದೆ. ಇತ್ತೀಚಿನ ಕೆಲವು ಕಾರುಗಳಲ್ಲಿ ಗಾಜಿನ ನಾರು ಬೆರೆಸಿದ ಪ್ಲಾಸ್ಟಿಕ್ಕಿನ ಚೇಂಬರುಗಳೂ ಇವೆ. ಗುರುತಿಸಲು ಒಂದು ಅಯಸ್ಕಾಂತ ಸಾಕು: ತಗಡಿಗೆ ಅಂಟುತ್ತದೆ, ಉಳಿದೆರಡಕ್ಕೆ ಅಂಟುವುದಿಲ್ಲ. ಪ್ಲಾಸ್ಟಿಕ್ಕಿನದು ಒಡೆದರೆ ಬದಲಿಸುವುದನ್ನು ಬಿಟ್ಟು ಬೇರೆ ದಾರಿಯಿಲ್ಲ. ಅದರ ಮಾತು ಇಲ್ಲಿಗೆ ಮುಗಿಯಿತು.

ಪುಟ್ಟಿ ಮತ್ತು ಬಾಟಲಿ ಔಷಧಿ

ಎಂ-ಸೀಲ್‌ನಂಥ ಎಪಾಕ್ಸಿ ಪುಟ್ಟಿ ನೀರಿನ ಕೊಳವೆಗೆ ಚೆನ್ನಾಗಿ ಹಿಡಿಯುತ್ತದೆ. ಚೇಂಬರಿನ ಪರಿಸ್ಥಿತಿ ಬೇರೆ: ಓಡುವ ಇಂಜಿನ್ನಿನಲ್ಲಿ ಆಯಿಲ್ ಸುಮಾರು 90ರಿಂದ 110 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ, ಲೋಹ ಹಿಗ್ಗಿ ಕುಗ್ಗುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಒಳಗಿನಿಂದ ಜಿನುಗುವ ಆಯಿಲ್ ಪುಟ್ಟಿಯನ್ನು ಲೋಹಕ್ಕೆ ಅಂಟಲು ಬಿಡುವುದಿಲ್ಲ. ಲೋಹಕ್ಕೆಂದೇ ಮಾಡಿದ, ಹೆಚ್ಚು ಶಾಖ ತಾಳುವ ಎಪಾಕ್ಸಿಗಳೂ ಸಿಗುತ್ತವೆ. ಆಯಿಲ್ ಪೂರ್ತಿ ಇಳಿಸಿ, ಆ ಜಾಗವನ್ನು ಮರಳು ಕಾಗದದಿಂದ ಉಜ್ಜಿ, ಥಿನ್ನರಿನಿಂದ ಒರೆಸಿ, ಪೊಟ್ಟಣದ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟರೆ ಸಣ್ಣ ತೂತಿಗೆ ಅವು ಕೆಲವು ದಿನ ನಿಲ್ಲಬಹುದು. ಅದನ್ನು ಊರು ತಲುಪಿಸುವ ಕಟ್ಟು ಎಂದು ತಿಳಿಯಬೇಕು, ರಿಪೇರಿ ಎಂದಲ್ಲ. ಆಯಿಲಿಗೆ ಸುರಿಯುವ ‘ಲೀಕ್ ನಿಲ್ಲಿಸುವ’ ಬಾಟಲಿಗಳು ಗಡುಸಾದ ರಬ್ಬರ್ ಸೀಲುಗಳನ್ನು ಮೆತ್ತಗಾಗಿಸಿ ಉಬ್ಬಿಸುತ್ತವೆ. ಕ್ರ್ಯಾಂಕ್ ಸೀಲಿನ ಜಿನುಗಿಗೆ ಅವು ಸ್ವಲ್ಪ ಉಪಕಾರ ಮಾಡಿದರೂ ಒಡೆದ ಚೇಂಬರಿಗೆ ಏನೂ ಮಾಡಲಾರವು.

ಡ್ರೇನ್ ಬೋಲ್ಟ್ ಅಥವಾ ಪ್ಯಾಕಿಂಗ್ ಮಾತ್ರ ಕೆಟ್ಟಿದ್ದರೆ

ಸೋರಿಕೆ ಹಳೆಯ ಆಯಿಲ್ ಇಳಿಸಲು ಬಿಚ್ಚುವ ಡ್ರೇನ್ ಬೋಲ್ಟಿನ ಸುತ್ತ ಇದ್ದರೆ ಮೊದಲು ಅದರ ವಾಷರ್ ಬದಲಿಸಬೇಕು. ತಾಮ್ರ ಅಥವಾ ಅಲ್ಯೂಮಿನಿಯಂ ವಾಷರ್ ಒಮ್ಮೆ ಒತ್ತಿ ಚಪ್ಪಟೆಯಾಗಲೆಂದೇ ಇರುವುದು; ಪ್ರತಿ ಸಲ ಆಯಿಲ್ ಬದಲಿಸುವಾಗ ಹೊಸದನ್ನು ಹಾಕಬೇಕು. ಅದರ ಬದಲು ಸೋರುವುದನ್ನು ನಿಲ್ಲಿಸಲು ಉದ್ದನೆಯ ಪಾನಾ ಹಾಕಿ ಇನ್ನಷ್ಟು ಬಿಗಿದರೆ ಅಲ್ಯೂಮಿನಿಯಂ ಚೇಂಬರಿನ ಥ್ರೆಡ್ ಕಿತ್ತುಬರುತ್ತದೆ. ಥ್ರೆಡ್ ಹೋದ ಮೇಲೂ ಚೇಂಬರ್ ಎಸೆಯಬೇಕಾಗಿಲ್ಲ. ಹೆಲಿಕಾಯಿಲ್ ಎಂಬ ಉಕ್ಕಿನ ಸುರುಳಿಯನ್ನು ಕೂರಿಸಿದರೆ ಮೂಲ ಅಳತೆಯ ಬೋಲ್ಟೇ ಮತ್ತೆ ಹಿಡಿಯುತ್ತದೆ. ಒಂದು ಅಳತೆ ದೊಡ್ಡ ಬೋಲ್ಟಿಗೆ ಹೊಸ ಥ್ರೆಡ್ ಹೊಡೆಸುವುದು ಅದಕ್ಕಿಂತ ಅಗ್ಗ, ಆದರೆ ಎರಡನೆಯ ಸಲ ಕೆಟ್ಟರೆ ಹೊಡೆಯಲು ಲೋಹ ಉಳಿದಿರುವುದಿಲ್ಲ. ನಾನಾದರೆ ಹೆಲಿಕಾಯಿಲ್ ಹಾಕಿಸುತ್ತೇನೆ.

ಚೇಂಬರಿನ ಮೇಲಂಚಿನ ಉದ್ದಕ್ಕೂ ಜಿನುಗುತ್ತಿದ್ದರೆ ಅದು ಪ್ಯಾಕಿಂಗಿನ ದೋಷ. ಬೋಲ್ಟುಗಳನ್ನು ಇನ್ನಷ್ಟು ಬಿಗಿಯುವುದು ಇಲ್ಲಿಯೂ ತಪ್ಪು ಉಪಾಯ: ತಗಡಿನ ಅಂಚು ಬೋಲ್ಟಿನ ತೂತುಗಳ ಬಳಿ ಒಳಕ್ಕೆ ಕುಸಿದು, ಎರಡು ಬೋಲ್ಟುಗಳ ನಡುವೆ ಕಮಾನಿನಂತೆ ಏಳುತ್ತದೆ, ಸೋರಿಕೆ ಹೆಚ್ಚುತ್ತದೆ. ಬಿಚ್ಚಿ, ಅಂಚನ್ನು ಸಮತಟ್ಟಾದ ಕಬ್ಬಿಣದ ಮೇಲಿಟ್ಟು ಹಗುರವಾಗಿ ತಟ್ಟಿ ಸರಿಮಾಡಿ, ಹಳೆಯ ಪ್ಯಾಕಿಂಗ್ ಪೂರ್ತಿ ಕೆರೆದು ತೆಗೆದು ಹೊಸದನ್ನು ಕೂರಿಸಬೇಕು. ಈಗಿನ ಬಹಳಷ್ಟು ಇಂಜಿನ್ನುಗಳಲ್ಲಿ ಪ್ಯಾಕಿಂಗಿನ ಬದಲು ಸಿಲಿಕಾನ್ ಸೀಲಂಟಿನ ಗೆರೆಯನ್ನೇ ಎಳೆಯುತ್ತಾರೆ. ಆ ಗೆರೆ ಮೂರ್ನಾಲ್ಕು ಮಿಲಿಮೀಟರ್ ದಪ್ಪ ಇದ್ದರೆ ಸಾಕು. ಧಾರಾಳವಾಗಿ ಮೆತ್ತಿದರೆ ಒಳಕ್ಕೆ ಉಬ್ಬಿದ ಸಿಲಿಕಾನ್ ತುಣುಕಾಗಿ ಉದುರಿ, ನಾನು ಮೇಲೆ ಹೇಳಿದ ಜಾಳಿಗೆಯ ಬಾಯಿಗೇ ಹೋಗಿ ಕೂರುತ್ತದೆ.

ಬೆಸುಗೆಯೋ, ಬದಲಾವಣೆಯೋ

ನಿಜವಾದ ಆಯ್ಕೆ ಇರುವುದು ಇಲ್ಲಿ. ತಗಡಿನ ಚೇಂಬರಿಗೆ ಗ್ಯಾಸ್ ವೆಲ್ಡಿಂಗ್ ಅಥವಾ ಪಿತ್ತಳೆ ಬೆಸುಗೆ ಹಾಕಿಸಬಹುದು, ನೆಗ್ಗನ್ನು ಒಳಗಿನಿಂದ ತಟ್ಟಿ ಎಬ್ಬಿಸಲೂಬಹುದು. ಆದರೆ ತುಕ್ಕಿನಿಂದ ಒಂದು ತೂತು ಬಿದ್ದ ತಗಡಿನಲ್ಲಿ ಅದರ ಸುತ್ತಲಿನ ಲೋಹವೂ ಕಾಗದದಂತಾಗಿರುತ್ತದೆ. ಬೆಸೆದ ಜಾಗದ ಪಕ್ಕದಲ್ಲಿಯೇ ಮತ್ತೊಂದು ತೂತು ಬೀಳುತ್ತದೆ. ತಗಡಿನ ಹೊಸ ಚೇಂಬರ್ ಅಲ್ಯೂಮಿನಿಯಂನದಕ್ಕಿಂತ ಸಾಮಾನ್ಯವಾಗಿ ಬಹಳ ಅಗ್ಗ. ಬಿಚ್ಚಿ ಹಾಕುವ ಕೂಲಿ, ಹೊಸ ಆಯಿಲ್, ಫಿಲ್ಟರ್, ಸೀಲಂಟುಗಳ ಖರ್ಚು ಎರಡೂ ದಾರಿಗಳಲ್ಲಿ ಒಂದೇ ಆಗಿರುವಾಗ, ತಗಡಿನದಕ್ಕೆ ಬೆಸುಗೆ ಹಾಕಿಸಿ ಉಳಿಯುವ ಹಣ ಅಲ್ಪ. ಆದ್ದರಿಂದ ತಗಡಿನದಾದರೆ ಬದಲಿಸುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ನನ್ನ ಕಾರಿಗೂ ಕೊನೆಗೆ ಹೊಸದನ್ನೇ ಹಾಕಿಸಿದೆ; ಸ್ಟ್ರೇನರ್ ಕೂಡ ತುಸು ಬಾಗಿತ್ತಾದ್ದರಿಂದ ಅದನ್ನೂ ಬದಲಿಸಬೇಕಾಯಿತು.

ಅಲ್ಯೂಮಿನಿಯಂನಲ್ಲಿ ಲೆಕ್ಕ ತಿರುಗುತ್ತದೆ. ಹೊಸ ಭಾಗ ದುಬಾರಿ, ಕೆಲವು ಮಾದರಿಗಳಿಗೆ ವಾರಗಟ್ಟಲೆ ಕಾಯಬೇಕು, ಒಳ್ಳೆಯ ಬೆಸುಗೆ ವರ್ಷಗಟ್ಟಲೆ ಬಾಳುತ್ತದೆ. ಒಳ್ಳೆಯ ಬೆಸುಗೆ ಎಂದರೆ ಆರ್ಗನ್ ಅನಿಲ ಹಾಯಿಸುತ್ತ ಮಾಡುವ ಆರ್ಗನ್ ವೆಲ್ಡಿಂಗ್. ಎರಕದ ಲೋಹದ ಸಣ್ಣ ರಂಧ್ರಗಳಲ್ಲಿ ಆಯಿಲ್ ಸೇರಿಕೊಂಡಿರುತ್ತದೆ; ಅದನ್ನು ಡಿಗ್ರೀಸರಿನಿಂದ ತೊಳೆದು, ಕಾಯಿಸಿ ಹೊರಗೆ ಬರಿಸದೆ ಬೆಸೆದರೆ ಬೆಸುಗೆಯ ತುಂಬ ಗುಳ್ಳೆಗಳೇಳುತ್ತವೆ. ಬಿರುಕಿನ ಎರಡೂ ತುದಿಗಳಲ್ಲಿ ಚಿಕ್ಕ ತೂತು ಕೊರೆಯಬೇಕು, ಇಲ್ಲದಿದ್ದರೆ ಬೆಸೆದ ಮೇಲೂ ಬಿರುಕು ಮುಂದೆ ಹರಿಯುತ್ತದೆ. ಬಿರುಕಿನ ಉದ್ದಕ್ಕೂ ಕಾಲುವೆಯಂತೆ ತೋಡಿ, ಸರಿಯಾದ ಅಲ್ಯೂಮಿನಿಯಂ ಸಲಾಕೆಯಿಂದ ತುಂಬಬೇಕು. ಈ ಕ್ರಮವನ್ನು ಕೇಳಿದಾಗ ವೆಲ್ಡರ್ ತಾನಾಗಿಯೇ ಹೇಳಿದರೆ ಅವನ ಕೈಗೆ ಕೊಡಬಹುದು. ಚೇಂಬರನ್ನು ಕಾರಿನಲ್ಲಿಯೇ ಬಿಟ್ಟು ಅಡಿಯಿಂದ ಬೆಸೆಯುತ್ತೇನೆ ಎನ್ನುವವನಿಂದ ದೂರವಿರಬೇಕು. ಒಳಗೆ ಆಯಿಲ್, ಪಕ್ಕದಲ್ಲಿ ಪೆಟ್ರೋಲ್ ಕೊಳವೆ ಇರುವಾಗ ಅದು ಬೆಂಕಿಯೊಡನೆ ಆಟ. ಬೆಳಗಾವಿಯವರಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ: ಫೌಂಡ್ರಿ ಮತ್ತು ಮಷಿನ್ ಶಾಪುಗಳಿಗೆ ಹೆಸರಾದ ಉದ್ಯಮಬಾಗ ಊರಲ್ಲಿಯೇ ಇರುವುದರಿಂದ, ಬೆಸೆದ ಮೇಲೆ ಡೊಂಕಾದ ಅಂಚನ್ನು ಮಷಿನ್ನಿನಲ್ಲಿ ಸಮಮಾಡಿಸುವ ಕೆಲಸವನ್ನೂ ಅಲ್ಲಿಯೇ ಮುಗಿಸಬಹುದು.

ಬಿರುಕು ತಳದಲ್ಲಿ ಅಥವಾ ಗೋಡೆಯ ನಡುವೆ ಇದ್ದರೆ ಬೆಸುಗೆ; ಪ್ಯಾಕಿಂಗಿನ ಅಂಚಿಗೆ, ಬೋಲ್ಟಿನ ತೂತಿಗೆ ಅಥವಾ ಗೇರ್‌ಬಾಕ್ಸಿಗೆ ಬಿಗಿಯುವ ಕಿವಿಗಳಿಗೆ ಹರಿದಿದ್ದರೆ ಬದಲಾವಣೆ. ಆ ಜಾಗಗಳಲ್ಲಿ ಶಾಖಕ್ಕೆ ಆಗುವ ಸಣ್ಣ ಡೊಂಕೂ ಹೊಸ ಸೋರಿಕೆಗೆ ದಾರಿಯಾಗುತ್ತದೆ.

ಬೆಸುಗೆಯನ್ನು ಪರೀಕ್ಷಿಸುವ ಒಂದು ಹಳೆಯ ವಿಧಾನವನ್ನು ಒಮ್ಮೆಯಾದರೂ ಎದುರಿಗೆ ನಿಂತು ನೋಡಬೇಕು. ಬೆಸೆದ ಜಾಗದ ಹೊರಮೈಗೆ ಚಾಕ್‌ಪೀಸಿನಿಂದ ದಟ್ಟವಾಗಿ ಗೀಚಿ ಬೆಳ್ಳಗೆ ಮಾಡುತ್ತಾರೆ, ಒಳಗೆ ಸೀಮೆಎಣ್ಣೆ, ನಮ್ಮ ಕಡೆ ಹೇಳುವ ಚಿಮಣಿ ಎಣ್ಣೆ, ಸುರಿದು ಅರ್ಧ ಗಂಟೆ ಇಡುತ್ತಾರೆ. ಕಣ್ಣಿಗೆ ಕಾಣದ ರಂಧ್ರವಿದ್ದರೂ ಸೀಮೆಎಣ್ಣೆ ಅದರೊಳಗಿಂದ ನುಸುಳಿ ಬಂದು ಬಿಳಿಯ ಸುಣ್ಣದಲ್ಲಿ ಎಳ್ಳಿನಷ್ಟು ಕಪ್ಪು ಚುಕ್ಕೆಯಾಗಿ ಮೂಡಿ, ನೋಡುತ್ತಿದ್ದಂತೆ ಅಗಲವಾಗುತ್ತದೆ. ಚಾಕಿನ ಗುರುತು ಬೆಳ್ಳಗೇ ಉಳಿದರೆ ಮಾತ್ರ ಹಣ ಕೊಟ್ಟು ಚೇಂಬರ್ ತರಬೇಕು.

ಗುಜರಿಯಿಂದ ತರುವ ಹಳೆಯ ಚೇಂಬರ್ ನಡುವಿನ ದಾರಿ. ಇಂಜಿನ್ನಿನ ಮಾದರಿ ನಿಖರವಾಗಿ ಹೊಂದಬೇಕು. ಒಂದೇ ಹೆಸರಿನ ಕಾರಿನ ಪೆಟ್ರೋಲ್ ಮತ್ತು ಡೀಸೆಲ್ ಚೇಂಬರುಗಳು ಬೇರೆ ಬೇರೆ. ಅಂಚನ್ನು ಗಾಜಿನ ಮೇಲಿಟ್ಟು ಡೊಂಕು ನೋಡಬೇಕು, ಡ್ರೇನ್ ಬೋಲ್ಟನ್ನು ಕೈಯಿಂದಲೇ ಪೂರ್ತಿ ತಿರುಗಿಸಿ ಥ್ರೆಡ್ ನೋಡಬೇಕು. ಹೊಸದರಲ್ಲಿ ಕಂಪನಿಯದು ಮತ್ತು ಹೊರಗಿನ ತಯಾರಿಕೆಯದು ಎಂಬ ಆಯ್ಕೆಯಿದ್ದರೆ, ತಗಡಿಗೆ ಹೊರಗಿನದು ನಡೆಯುತ್ತದೆ, ಅಲ್ಯೂಮಿನಿಯಂಗೆ ಕಂಪನಿಯದನ್ನೇ ಕೊಳ್ಳುವುದು ಒಳ್ಳೆಯದು.

ವಿಮೆಯ ಲೆಕ್ಕ

ಕಲ್ಲು ಬಡಿದು ಚೇಂಬರ್ ಒಡೆದರೆ ಸ್ವಂತ ಹಾನಿಯ ವಿಮೆಯಲ್ಲಿ ಕ್ಲೇಮ್ ಮಾಡಬಹುದು. ತುಕ್ಕು ಮತ್ತು ಸವಕಳಿಗೆ ಹಣ ಬರುವುದಿಲ್ಲ. ಕೇಳಲು ಸುಲಭವಾಗಿರುವ ಈ ದಾರಿ ಸಣ್ಣ ಬಿಲ್ಲಿಗೆ ಹೆಚ್ಚಾಗಿ ನಷ್ಟದ್ದು. ಉದಾಹರಣೆಗೆ, ನಾಲ್ಕೂವರೆ ವರ್ಷದ, ಒಮ್ಮೆಯೂ ಕ್ಲೇಮ್ ಮಾಡದ, 1500 ಸಿಸಿಗಿಂತ ಚಿಕ್ಕ ಕಾರಿಗೆ ಚೇಂಬರ್ ₹6,000, ಕೂಲಿ ₹2,500, ಆಯಿಲ್ ಮತ್ತು ಫಿಲ್ಟರ್ ₹2,500 ಆಯಿತೆಂದುಕೊಳ್ಳೋಣ. ಆ ವಯಸ್ಸಿನ ಕಾರಿನ ಲೋಹದ ಭಾಗಕ್ಕೆ ಹಳತಾದ ಲೆಕ್ಕದ ಮೌಲ್ಯ ಕಡಿತ (ಡಿಪ್ರಿಸಿಯೇಷನ್) 35 ಶೇಕಡ, ಅಂದರೆ ₹2,100 ಕಡಿತ; ಕಡ್ಡಾಯ ಕಡಿತ ₹1,000; ಆಯಿಲಿಗೆ ಪ್ರತ್ಯೇಕ ಆಡ್-ಆನ್ (ಹೆಚ್ಚುವರಿ ರಕ್ಷಣೆ) ಇಲ್ಲದಿದ್ದರೆ ಏನೂ ಇಲ್ಲ. ಕೈಗೆ ಬರುವುದು ₹5,400. ಇತ್ತ ಕ್ಲೇಮ್ ಮಾಡದ ವರ್ಷಗಳಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, ಮುಂದಿನ ನವೀಕರಣದಲ್ಲಿ 50 ಶೇಕಡಕ್ಕೆ ಏರಬೇಕಾದದ್ದು ಸೊನ್ನೆಗಿಳಿಯುತ್ತದೆ. ಸ್ವಂತ ಹಾನಿಯ ಕಂತು ₹9,000 ಇದ್ದರೆ ಮೊದಲ ವರ್ಷವೇ ₹4,500, ಅದರ ಮುಂದಿನ ವರ್ಷ 50ರ ಬದಲು 20 ಶೇಕಡ ಸಿಗುವುದರಿಂದ ಇನ್ನೂ ₹2,700 ಹೋಗುತ್ತದೆ. ಎರಡೇ ವರ್ಷಗಳಲ್ಲಿ ₹7,200 ಕಳೆದುಕೊಂಡು ₹5,400 ಪಡೆದಂತಾಯಿತು. ಮೌಲ್ಯ ಕಡಿತ ಮಾಡದ ಝೀರೋ ಡೆಪ್ ಮತ್ತು ಬೋನಸ್ ರಕ್ಷಣೆಯ ಆಡ್-ಆನ್ ಎರಡೂ ಇದ್ದರೆ, ಅಥವಾ ಬಂಪರ್, ರೇಡಿಯೇಟರ್ ಸಹಿತ ಹಾನಿ ದೊಡ್ಡದಾಗಿದ್ದರೆ ಲೆಕ್ಕ ಬೇರೆಯಾಗುತ್ತದೆ.

ಒಂದು ಷರತ್ತನ್ನು ಮಾತ್ರ ಎಲ್ಲರೂ ತಿಳಿದಿರಬೇಕು. ಅಪಘಾತದ ನಂತರ ರಿಪೇರಿ ಮಾಡಿಸದೆ ಓಡಿಸಿ ಹಾನಿ ಹೆಚ್ಚಾದರೆ, ಆ ಹೆಚ್ಚಿನ ಹಾನಿ ಮಾಲೀಕನದೇ ಹೊಣೆ ಎಂದು ಸಾಮಾನ್ಯ ಮೋಟಾರು ಪಾಲಿಸಿಯಲ್ಲಿಯೇ ಇರುತ್ತದೆ. ಚೇಂಬರಿಗೆ ಒಪ್ಪಿದ ಕಂಪನಿ ಸೀಜ್ ಆದ ಇಂಜಿನ್ನಿಗೆ ಒಪ್ಪದಿರುವುದು ಇದೇ ಕಾರಣಕ್ಕೆ. ಕ್ಲೇಮ್ ಮಾಡುವುದಿದ್ದರೆ ಹನಿ ಬೀಳುವ ಜಾಗದಲ್ಲಿಯೇ ಫೋಟೊ ತೆಗೆದು, ಅಲ್ಲಿಂದಲೇ ಎಳೆಸುವುದು ಹಣದ ದೃಷ್ಟಿಯಿಂದಲೂ ಸರಿ.

ಹಾಕಿಸಿದ ಮೇಲೆ

ಸೀಲಂಟ್ ಹಚ್ಚಿದ ಚೇಂಬರಿಗೆ ತಕ್ಷಣ ಆಯಿಲ್ ಸುರಿಯಲು ಬಿಡಬಾರದು. ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಕಾಯಬೇಕು, ಸಾಧ್ಯವಾದರೆ ಒಂದು ರಾತ್ರಿ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಮೊದಲ ಸಲ ಚಾಲೂ ಮಾಡಿದಾಗ ಕೆಂಪು ದೀಪ ಕೆಲವೇ ಸೆಕೆಂಡುಗಳಲ್ಲಿ ಆರಬೇಕು, ಅಲ್ಲಿಯವರೆಗೆ ಆಕ್ಸಲರೇಟರ್ ಒತ್ತಬಾರದು. ಮರುದಿನ ಬೆಳಿಗ್ಗೆ ರಟ್ಟಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಬೇಕು.

ಅಡಿಗೆ ಉಕ್ಕಿನ ಇಂಜಿನ್ ಗಾರ್ಡ್ ಹಾಕಿಸಬೇಕೇ ಎಂದು ಎಲ್ಲರೂ ಕೇಳುತ್ತಾರೆ. ದಿನವೂ ಹೊಲದ ದಾರಿಯಲ್ಲಿ ಹೋಗುವವರಿಗೆ ಅದು ಬೇಕು. ಊರೊಳಗೆ ಮತ್ತು ಹೆದ್ದಾರಿಯಲ್ಲಿಯೇ ಓಡಿಸುವವರಿಗೆ ಅದರ ಭಾರ ಮತ್ತು ಗಾಳಿಯ ತಡೆ ಬೇಡ. ವಿಜಯಪುರದಲ್ಲಿ ಬಿಸಿಲು 40 ಡಿಗ್ರಿ ದಾಟುವ ಏಪ್ರಿಲ್, ಮೇ ತಿಂಗಳುಗಳಲ್ಲಿ ಇಂಜಿನ್ನಿನ ಅಡಿಯ ಗಾಳಿ ಮುಚ್ಚಿಹೋಗುವುದು ಒಳ್ಳೆಯದಲ್ಲ. ಹಾಕಿಸುವವರು ಡ್ರೇನ್ ಬೋಲ್ಟಿನ ಎದುರಿಗೆ ತೂತು, ಗಾಳಿಯಾಡಲು ಸೀಳುಗಳು ಇರುವಂಥದ್ದನ್ನು ಆಯ್ದು, ಗಾರ್ಡಿಗೂ ಚೇಂಬರಿಗೂ ನಡುವೆ ಕನಿಷ್ಠ ಎರಡು ಬೆರಳು ಅಂತರ ಇದೆಯೇ ಎಂದು ತಾವೇ ಬಗ್ಗಿ ನೋಡಬೇಕು. ಅಂತರವಿಲ್ಲದ ಗಾರ್ಡ್ ಕಲ್ಲಿನ ಪೆಟ್ಟನ್ನು ತಡೆಯದೆ ಹಾಗೆಯೇ ಚೇಂಬರಿಗೆ ದಾಟಿಸುತ್ತದೆ, ಅದರ ಮೇಲೆ ಸಿಕ್ಕಿಕೊಂಡ ಖಡಿಯಂತೂ ಓಡುವಷ್ಟು ಹೊತ್ತು ಚೇಂಬರಿನ ತಳವನ್ನು ಉಜ್ಜುತ್ತಲೇ ಇರುತ್ತದೆ.